ಭೂಕಂಪವನ್ನು ಹಿಗ್ಗಿಸುವ ಮಣ್ಣು

1985ರ ಸೆಪ್ಟೆಂಬರ್ 19ರ ಬೆಳಗ್ಗೆ ಮೆಕ್ಸಿಕೊದ ಪೆಸಿಫಿಕ್ ಕರಾವಳಿಯಲ್ಲಿ 8ರ ಪ್ರಮಾಣದ ಭೂಕಂಪವಾಯಿತು. ರಾಜಧಾನಿ ಮೆಕ್ಸಿಕೊ ಸಿಟಿ ಅಲ್ಲಿಂದ 350 ಕಿಲೋಮೀಟರಿಗೂ ಹೆಚ್ಚು ದೂರ. ಅಷ್ಟು ದೂರ ಸಾಗುವ ಹೊತ್ತಿಗೆ ಕಂಪನದ ಅಲೆಗಳು ಸೊರಗಿರಬೇಕು. ಸೊರಗಿಯೂ ಇದ್ದವು. ಗಟ್ಟಿ ಲಾವಾ ನೆಲದ ಮೇಲಿರುವ ವಿಶ್ವವಿದ್ಯಾಲಯದ ಆವರಣದಲ್ಲಿ ಉಪಕರಣಗಳು ಅಳೆದ ವೇಗೋತ್ಕರ್ಷ ಗುರುತ್ವದ ಶೇ 3-4ರಷ್ಟು ಮಾತ್ರ. ಅದೇ ನಗರದ ಒಳಗೆ, ಸಾರಿಗೆ ಸಚಿವಾಲಯದ ಆವರಣದಲ್ಲಿ, ಅದು ಸುಮಾರು ಶೇ 17. ಒಂದೇ ಊರು, ಒಂದೇ ಭೂಕಂಪ, ನಾಲ್ಕೈದು ಪಟ್ಟು ಅಂತರ. ಸಾವಿರಾರು ಜನ ಸತ್ತದ್ದು ಈ ಎರಡನೆಯ ಬಗೆಯ ನೆಲದ ಮೇಲೆ.

ಆ ನೆಲ ಒಂದು ಕಾಲಕ್ಕೆ ಟೆಸ್ಕೊಕೊ ಸರೋವರ. ಅಜ್ಟೆಕರು ಅದರ ನಡುಗಡ್ಡೆಯ ಮೇಲೆ ರಾಜಧಾನಿ ಕಟ್ಟಿದ್ದರು. ಸ್ಪೇನಿನವರು ಬಂದ ಮೇಲೆ ಸರೋವರ ಬತ್ತುತ್ತಾ ಹೋಯಿತು, ನಗರ ಅದರ ತಳದ ಮೇಲೆ ಹರಡಿಕೊಂಡಿತು. ಕೆಳಗೆ ಹತ್ತಾರು ಮೀಟರ್ ದಪ್ಪದ ಜೇಡಿ. ಮಣ್ಣಿನ ಒಣತೂಕಕ್ಕಿಂತ ಹಲವು ಪಟ್ಟು ನೀರು ಹಿಡಿದಿಟ್ಟುಕೊಂಡ ಜೇಡಿ.

ಅಲೆ ಇಂಥ ಮಣ್ಣಿಗೆ ಬಂದಾಗ ಆಗುವುದು ಇಷ್ಟು. ಗಟ್ಟಿ ಬಂಡೆಯಲ್ಲಿ ಅಡ್ಡಡ್ಡ ಅಲುಗಿಸುವ ಅಲೆ ಸೆಕೆಂಡಿಗೆ 760 ಮೀಟರಿಗಿಂತ ವೇಗವಾಗಿ ಓಡುತ್ತದೆ. ಮೆಕ್ಸಿಕೊದ ಜೇಡಿಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 80 ಮೀಟರ್. ವೇಗ ಕುಸಿದರೂ ಹೊತ್ತು ತಂದ ಶಕ್ತಿ ಎಲ್ಲಿಗೂ ಹೋಗುವುದಿಲ್ಲ. ಹಾಗಾಗಿ ಅಲೆಯ ಏರಿಳಿತ ದೊಡ್ಡದಾಗುತ್ತದೆ. ಮೇಲಕ್ಕೆ ಬಂದ ಅಲೆ ನೆಲದ ಮೇಲ್ಮೈಗೆ ತಾಗಿ ಕೆಳಕ್ಕೆ ತಿರುಗುತ್ತದೆ, ತಳದ ಗಟ್ಟಿ ಪದರಕ್ಕೆ ತಾಗಿ ಅದರಲ್ಲಿ ಬಹುಪಾಲು ಮತ್ತೆ ಮೇಲೇಳುತ್ತದೆ. ಮೆದು ಪದರದೊಳಗೆ ಸಿಕ್ಕಿಬಿದ್ದ ಕಂಪನ ಬೇಗ ತಣಿಯುವುದಿಲ್ಲ. ಬಂಡೆಯ ಮೇಲಿನವರಿಗೆ ಅಲುಗಾಟ ನಿಂತ ಮೇಲೂ ಕೆರೆಯಂಗಳದವರಿಗೆ ಅದು ನಡೆಯುತ್ತಲೇ ಇರುತ್ತದೆ.

ಮಣ್ಣಿನ ಪ್ರತಿ ಪದರಕ್ಕೂ ತನ್ನದೇ ಒಂದು ತೂಗಾಟದ ಲಯವಿದೆ, ಮತ್ತು ಅದನ್ನು ಲೆಕ್ಕ ಹಾಕುವುದು ಸುಲಭ: ಪದರದ ದಪ್ಪವನ್ನು ನಾಲ್ಕರಿಂದ ಗುಣಿಸಿ ಅಲೆಯ ವೇಗದಿಂದ ಭಾಗಿಸಿ. 40 ಮೀಟರ್ ದಪ್ಪ, ಸೆಕೆಂಡಿಗೆ 80 ಮೀಟರ್ ವೇಗ ಎಂದರೆ 2 ಸೆಕೆಂಡು. ಒಂದು ಸಲ ಅತ್ತ ಹೋಗಿ ಇತ್ತ ಬರಲು ಆ ನೆಲಕ್ಕೆ ಬೇಕಾದ ಸಮಯ ಅದು. ಕಟ್ಟಡಕ್ಕೂ ಇಂಥದೇ ಲಯವಿದೆ. ಅಂದಾಜಿಗೆ ಅಂತಸ್ತಿಗೆ 0.1 ಸೆಕೆಂಡು ಹಿಡಿಯಬಹುದು. ಗೋಡೆ ಬಿರುಕು ಬಿಟ್ಟು ಕಟ್ಟಡ ಸಡಿಲವಾದಂತೆ ಅದು ಇನ್ನಷ್ಟು ನಿಧಾನವಾಗಿ ತೂಗುತ್ತದೆ. ನೆಲದ ಲಯ, ಕಟ್ಟಡದ ಲಯ ಕೂಡಿಬಂದರೆ ಪರಿಸ್ಥಿತಿ ಕೈಮೀರುತ್ತದೆ. ಜೋಕಾಲಿಯನ್ನು ಸರಿಯಾದ ಹೊತ್ತಿಗೆ ಮೆಲ್ಲಗೆ ತಳ್ಳಿದರೂ ಅದು ಮೇಲೇರುತ್ತಾ ಹೋಗುತ್ತದಲ್ಲ, ಹಾಗೆ.

1985ರಲ್ಲಿ ಹೆಚ್ಚಾಗಿ ಕುಸಿದವು ಸುಮಾರು 6ರಿಂದ 15 ಅಂತಸ್ತಿನ ಕಟ್ಟಡಗಳು. ಪಕ್ಕದಲ್ಲೇ ಇದ್ದ ತಗ್ಗಿನ ಹಳೆಯ ಮನೆಗಳು ಅನೇಕ ಕಡೆ ಉಳಿದವು. 1956ರಲ್ಲಿ ಮುಗಿದ 44 ಅಂತಸ್ತಿನ ಲ್ಯಾಟಿನೋಅಮೆರಿಕಾನಾ ಗೋಪುರವೂ ನಿಂತಿತು. ಅದನ್ನು ಆ ಜೇಡಿಯ ಸ್ವಭಾವ ತಿಳಿದೇ, ಆಳಕ್ಕಿಳಿದ ಕಂಬಗಳ ಮೇಲೆ ಕಟ್ಟಿದ್ದರು. 2017ರಲ್ಲಿ ಅದೇ ಸೆಪ್ಟೆಂಬರ್ 19ರಂದು ನಗರಕ್ಕೆ ಹತ್ತಿರದಲ್ಲಿ 7.1 ಪ್ರಮಾಣದ ಕಂಪನವಾದಾಗ ಪೆಟ್ಟಿನ ಜಾಗ ಬದಲಾಯಿತು. ಈ ಸಲ ಅಲೆಗಳ ಲಯ ಚುರುಕಾಗಿತ್ತು. ಜೇಡಿ ತೆಳುವಾಗುವ ಸರೋವರದ ಪಶ್ಚಿಮ ಅಂಚಿನಲ್ಲಿ, ಇನ್ನೂ ಕಡಿಮೆ ಎತ್ತರದ ಕಟ್ಟಡಗಳು ಹೆಚ್ಚು ನೆಲಕಚ್ಚಿದವು. ‘ಹೋದ ಸಲ ಏನೂ ಆಗಲಿಲ್ಲ’ ಎಂಬ ಧೈರ್ಯ ಎಷ್ಟು ಪೊಳ್ಳು ಎಂಬುದಕ್ಕೆ ಇದಕ್ಕಿಂತ ಕಹಿಯಾದ ಸಾಕ್ಷಿ ನನಗೆ ಗೊತ್ತಿಲ್ಲ.

ನಮ್ಮಲ್ಲೂ ಮಣ್ಣಿನ ಈ ಆಟ ನಡೆದಿದೆ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಕೇಂದ್ರದಿಂದ 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಹತ್ತಾರು ಬಹುಮಹಡಿ ಕಟ್ಟಡಗಳು ಬಿದ್ದು ನೂರಾರು ಜನ ಸತ್ತರು. ಸಾಬರಮತಿಯ ದಪ್ಪ ಮೆಕ್ಕಲು ಮಣ್ಣು ದೂರದ ಕಂಪನವನ್ನು ಹಿಗ್ಗಿಸಿತ್ತು. ತಪ್ಪೆಲ್ಲ ಮಣ್ಣಿನದೇ ಎನ್ನಲಾಗದು. ಪಾರ್ಕಿಂಗಿಗೆಂದು ನೆಲಮಹಡಿಯಲ್ಲಿ ಗೋಡೆಯನ್ನೇ ಕಟ್ಟದೆ ಬರೀ ಪಿಲ್ಲರ್ ಮೇಲೆ ಎತ್ತಿದ ಕಟ್ಟಡಗಳು ಆ ಹೊಯ್ದಾಟ ತಾಳುವಂತಿರಲಿಲ್ಲ.

ಕರ್ನಾಟಕದ ಬಹುಭಾಗ ಹಳೆಯ ಗಟ್ಟಿ ಶಿಲೆಯ ಮೇಲಿದೆ ಎಂಬುದು ಸಮಾಧಾನದ ಮಾತೇ. ಆದರೆ ನಮ್ಮ ಗಡಿಯಾಚೆಗಿನ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರಂದು ಭೂಮಿ ನಡುಗಿದಾಗ, ಆ ಪ್ರದೇಶ ಅಂದಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು. ಬೆಂಗಳೂರಿನಲ್ಲಂತೂ ಬಂಡೆಯ ಮೇಲೆ ಎಲ್ಲ ಕಡೆಯೂ ಒಂದೇ ಬಗೆಯ ಮಣ್ಣಿಲ್ಲ. ಕೆಂಪೇಗೌಡ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಲ್ಲಿ. ಕೆರೆಯ ಹೂಳಿನ ಮೇಲೆ ತುಂಬು ಮಣ್ಣು ಸುರಿದು ಎಬ್ಬಿಸಿದ ಬಡಾವಣೆಗಳೂ ಇವೆ. ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ನಗರದ ನೆಲ ಎಲ್ಲೆಲ್ಲಿ ಹೇಗೆ ಅಲುಗೀತು ಎಂದು ಅಧ್ಯಯನ ಮಾಡಿದ್ದಾರೆ. ಆ ತಿಳಿವಳಿಕೆ ಮನೆ ಕೊಳ್ಳುವವರ ಕೈಗೆ ಎಟುಕಬೇಕು ಎಂಬುದೇ ನನ್ನ ಕಳಕಳಿ.

ನೆಲದ ಸ್ವಭಾವ ತಿಳಿಯಲು ಭಾರೀ ತಂತ್ರಜ್ಞಾನವೇನೂ ಬೇಡ. ಮಣ್ಣು ಪರೀಕ್ಷೆಯಲ್ಲಿ ಕೊಳವೆಯೊಂದನ್ನು ನೆಲಕ್ಕೆ ಹೊಡೆದು ಇಳಿಸುತ್ತಾರೆ. 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬಿಡುತ್ತಾ, 30 ಸೆಂಟಿಮೀಟರ್ ಇಳಿಯಲು ಎಷ್ಟು ಹೊಡೆತ ಬೇಕಾಯಿತು ಎಂದು ಎಣಿಸುತ್ತಾರೆ. ಈ ‘ಎನ್’ ಮೌಲ್ಯ ನಾಲ್ಕೈದಿದ್ದರೆ ನೆಲ ಮೆದು, ಮೂವತ್ತು ದಾಟಿದರೆ ಗಟ್ಟಿ. ನೆಲವನ್ನು ಗಟ್ಟಿ, ಮಧ್ಯಮ, ಮೆದು ಎಂದು ಬೇರ್ಪಡಿಸಿ ವಿನ್ಯಾಸ ಮಾಡುವ ಕ್ರಮ ಭೂಕಂಪಕ್ಕೆ ಸಂಬಂಧಿಸಿದ ನಮ್ಮ ಐಎಸ್ 1893 ಮಾನದಂಡದಲ್ಲಿ ಬಹಳ ಹಿಂದಿನಿಂದಲೂ ಇದೆ. ಫ್ಲ್ಯಾಟ್ ಕೊಳ್ಳುವಾಗ ಖಾತೆ, ಕ್ರಯಪತ್ರ ಕೇಳುವಂತೆ ಮಣ್ಣು ಪರೀಕ್ಷೆಯ ವರದಿಯನ್ನೂ ಕೇಳಿ. ಎಷ್ಟು ಆಳದಲ್ಲಿ ಬಂಡೆ ಸಿಕ್ಕಿತು, ಎನ್ ಮೌಲ್ಯ ಎಷ್ಟು, ವಿನ್ಯಾಸಕ್ಕೆ ಯಾವ ವರ್ಗದ ಮಣ್ಣು ಹಿಡಿದಿದ್ದಾರೆ, ಹಳೆಯ ಸರ್ವೆ ನಕ್ಷೆಯಲ್ಲಿ ಆ ಜಾಗ ಕೆರೆಯೋ ರಾಜಕಾಲುವೆಯೋ ಆಗಿತ್ತೇ ಎಂದು ವಿಚಾರಿಸಿ. ನಗರಾಡಳಿತಗಳು ಇಂಥ ವರದಿಗಳನ್ನು ಕಡತದಲ್ಲಿ ಕಟ್ಟಿಡದೆ ವಾರ್ಡುವಾರು ಪ್ರಕಟಿಸಬೇಕು.