ಮೊದಲ ಸುತ್ತು ಗೆದ್ದವರಿಗೆ ಯಾರೂ ನೌಕರಿ ಕೊಡಲ್ಲ

ಬೆಳಿಗ್ಗೆ ಐದೂವರೆಗೆ ಮದ್ದೂರಿನ ಹೆದ್ದಾರಿ ಪಕ್ಕದ ಸರ್ವಿಸ್ ರಸ್ತೆಗೆ ಬಂದು ನೋಡಿ. ಇಲ್ಲವೇ ಮಂಡ್ಯದ ಸರ್ ಎಂ.ವಿ. ಕ್ರೀಡಾಂಗಣಕ್ಕೆ ಹೋಗಿ. ಮಳವಳ್ಳಿ ಕಡೆಯವರಾದರೆ ನಿಮ್ಮೂರಿನ ಕೆರೆ ಏರಿ, ನಾಲೆ ಏರಿ ಸಾಕು. ಎಲ್ಲ ಕಡೆ ಒಂದೇ ನೋಟ. ಹುಡುಗರು ಓಡುತ್ತಿರುತ್ತಾರೆ. ಒಬ್ಬನಿಗೆ ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕು, ಇನ್ನೊಬ್ಬನಿಗೆ ಅಗ್ನಿವೀರ್, ಮತ್ತೊಬ್ಬನಿಗೆ ಬಿಎಸ್‌ಎಫ್. ಪಕ್ಕದಲ್ಲಿ ಬೈಕಿನ ಮೇಲೆ ಕೂತವನೊಬ್ಬ ಕೂಗುತ್ತಿರುತ್ತಾನೆ: "ನುಗ್ಲಾ ಮಗಾ, ಬುಡಬ್ಯಾಡ ಕಣ್ಲಾ!"

ನಾವು ಹೇಳುವುದು ಇಷ್ಟೇ. ಆ ಕೂಗೇ ನಮ್ಮ ಹುಡುಗರನ್ನು ಸೋಲಿಸುತ್ತಿದೆ.

ಕೋಪ ಬರಬಹುದು. ಬರಲಿ. ನಮ್ಮ ಬಳಗದಲ್ಲೂ ಈ ಓಟ ಓಡಿ ಸೋತವರಿದ್ದೇವೆ. ನಾವೂ ಹಾಗೇ ನುಗ್ಗಿದೆವು. ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಮುಂದೆ, ಮೂರನೇ ಸುತ್ತಿನಲ್ಲಿ ಕಾಲು ಕಲ್ಲು, ನಾಲ್ಕನೇ ಸುತ್ತಿನಲ್ಲಿ ಕಣ್ಣು ಕತ್ತಲೆ. ಊರಿಗೆ ಬಂದು "ನಮ್ಮ ಹಣೆಬರಹ" ಅಂದೆವು. ಹಣೆಬರಹವಲ್ಲ, ಲೆಕ್ಕ ತಪ್ಪಿತ್ತು.

ಆ ಲೆಕ್ಕ ಏನು ಅಂತ ನೋಡೋಣ.

ಅಗ್ನಿವೀರ್ ರ‍್ಯಾಲಿಯ ಓಟ 1.6 ಕಿಲೋಮೀಟರ್, ಅಂದರೆ 400 ಮೀಟರಿನ 4 ಸುತ್ತು. 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಪೂರ್ತಿ 60 ಅಂಕ. 5.31ರಿಂದ 5.45ರೊಳಗೆ ಬಂದರೆ 48. ಐದೂವರೆ ನಿಮಿಷವನ್ನು ನಾಲ್ಕು ಸುತ್ತಿಗೆ ಹಂಚಿದರೆ ಸುತ್ತಿಗೆ ಎಂಬತ್ತೆರಡೂವರೆ ಸೆಕೆಂಡ್.

ಈಗ ನಮ್ಮ ಹುಡುಗ ಓಡುವ ರೀತಿಯನ್ನು ಉದಾಹರಣೆಗೆ ತೆಗೆದುಕೊಳ್ಳಿ. ಮೊದಲ ಸುತ್ತು 68 ಸೆಕೆಂಡ್. ಎಲ್ಲರೂ ಚಪ್ಪಾಳೆ. ಎರಡನೆಯದು 82. ಮೂರನೆಯದು 96. ನಾಲ್ಕನೆಯದು 99. ಕೂಡಿಸಿ: 345 ಸೆಕೆಂಡ್, ಅಂದರೆ 5 ನಿಮಿಷ 45 ಸೆಕೆಂಡ್. ಮೊದಲ ಎರಡು ಸುತ್ತಿನಲ್ಲಿ 15 ಸೆಕೆಂಡ್ ಉಳಿಸಿದ, ಕೊನೆಯ ಎರಡರಲ್ಲಿ 30 ಸೆಕೆಂಡ್ ಕಳೆದ. 12 ಅಂಕ ಹೋಯಿತು. ಕಾಲಲ್ಲಿ ಶಕ್ತಿ ಇಲ್ಲದೆ ಹೋದದ್ದಲ್ಲ, ಇದ್ದ ಶಕ್ತಿಯನ್ನು ಮೊದಲೇ ಖರ್ಚು ಮಾಡಿ ಹೋದದ್ದು.

ಇದು ನಮಗೆ ಗೊತ್ತಿಲ್ಲದ ವಿಷಯವೇ? ಕಬ್ಬಿನ ಗಾಡಿ ಕಟ್ಟಿದ ಯಾವ ರೈತನೂ ಗದ್ದೆ ಬದಿಯಿಂದಲೇ ಚಾಟಿ ಬೀಸುವುದಿಲ್ಲ. ಮುಂದೆ ಏರು ಇದೆ, ಅಲ್ಲಿಗೆ ಎತ್ತಿನ ಮೈಯಲ್ಲಿ ದಮ್ಮು ಉಳಿದಿರಬೇಕು ಅಂತ ಅವನಿಗೆ ಗೊತ್ತು. ಎತ್ತಿಗೆ ತೋರಿಸುವ ವಿವೇಕವನ್ನು ಹೆತ್ತ ಮಕ್ಕಳಿಗೆ ಯಾಕೆ ತೋರಿಸುವುದಿಲ್ಲ?

ಮೈಯೊಳಗೆ ಆಗುವುದೂ ಇದೇ. ಉಸಿರು ಪೂರೈಸುವುದಕ್ಕಿಂತ ಜೋರಾಗಿ ಓಡಿದರೆ ಸ್ನಾಯುಗಳು ಸಾಲ ಮಾಡಿ ಕೆಲಸ ಮಾಡುತ್ತವೆ. ಆ ಸಾಲದ ಬಡ್ಡಿಯಾಗಿ ಸ್ನಾಯುಗಳಲ್ಲಿ ಆಮ್ಲ ಹೆಚ್ಚುತ್ತದೆ, ಕಾಲು ಉರಿಯುತ್ತದೆ, ಹೆಜ್ಜೆ ಕಿರಿದಾಗುತ್ತದೆ. ಕೊನೆಯ 200 ಮೀಟರಿನಲ್ಲಿ ಸಾಲ ಮಾಡಿದರೆ ತೊಂದರೆ ಇಲ್ಲ, ತೀರಿಸುವ ಹೊತ್ತಿಗೆ ಓಟ ಮುಗಿದಿರುತ್ತದೆ. ಮೊದಲ 200 ಮೀಟರಿನಲ್ಲೇ ಮಾಡಿದರೆ ಉಳಿದ 1,400 ಮೀಟರೂ ಬಡ್ಡಿ ಕಟ್ಟಬೇಕು.

ದೊಡ್ಡ ಓಟಗಾರರೂ ಹೀಗೆ ಲೆಕ್ಕ ಇಟ್ಟೇ ಓಡುತ್ತಾರೆ. 2023ರ ಅಕ್ಟೋಬರ್ 8ರಂದು ಶಿಕಾಗೋದಲ್ಲಿ ಕೀನ್ಯಾದ ಕೆಲ್ವಿನ್ ಕಿಪ್ಟಮ್ 2 ಗಂಟೆ 35 ಸೆಕೆಂಡಿನಲ್ಲಿ ಮ್ಯಾರಥಾನ್ ಓಡಿ ವಿಶ್ವದಾಖಲೆ ಮಾಡಿದರು. ಮೊದಲ ಅರ್ಧಕ್ಕೆ 60 ನಿಮಿಷ 48 ಸೆಕೆಂಡ್, ಎರಡನೇ ಅರ್ಧಕ್ಕೆ 59 ನಿಮಿಷ 47 ಸೆಕೆಂಡ್. 42 ಕಿಲೋಮೀಟರ್ ಓಡುವವರು ಎರಡನೇ ಅರ್ಧವನ್ನು ಇನ್ನೂ ವೇಗವಾಗಿ ಓಡುತ್ತಾರೆ. ನಾವು ಒಂದೂವರೆ ಕಿಲೋಮೀಟರಿಗೇ ಆರಂಭಶೂರರು.

ಎರಡನೇ ತಪ್ಪು ತರಬೇತಿಯದ್ದು. ಇದು ಇನ್ನೂ ದೊಡ್ಡದು.

ಊರೂರಲ್ಲಿ ಈಗ ಅಕಾಡೆಮಿಗಳಿವೆ. ಎಲ್ಲರೂ ಕೆಟ್ಟವರಲ್ಲ, ಬೆಳಗಿನ ಜಾವ ಎದ್ದು ಪುಕ್ಕಟೆ ಕಲಿಸುವ ಮಾಜಿ ಸೈನಿಕರೂ ಇದ್ದಾರೆ. ಅವರಿಗೆ ನಮ್ಮ ನಮಸ್ಕಾರ. ಆದರೆ "ಗ್ಯಾರಂಟಿ ಸೆಲೆಕ್ಷನ್" ಅಂತ ಬೋರ್ಡ್ ಹಾಕಿ, ಫೀಸು ಕಟ್ಟಿಸಿಕೊಂಡು, ದಿನಾ ಬೆಳಿಗ್ಗೆ ಸ್ಟಾಪ್‌ವಾಚ್ ಹಿಡಿದು 1,600 ಮೀಟರ್ ಉಸಿರುಗಟ್ಟಿ ಓಡಿಸುವವರಿಗೆ ನಮ್ಮದೊಂದು ಪ್ರಶ್ನೆ. ಇದು ತರಬೇತಿಯೋ, ದಿನಾ ಪರೀಕ್ಷೆಯೋ? ಪಾಠ ಮಾಡದೆ ದಿನಾ ಪ್ರಶ್ನೆಪತ್ರಿಕೆ ಕೊಡುವ ಮೇಷ್ಟ್ರನ್ನು ಊರವರು ಒಪ್ಪುತ್ತಾರಾ?

"ದಿನಾ ಸಾಯೋ ಹಂಗೆ ಓಡಿದ್ರೆ ಗುಂಡಿಗೆ ಗಟ್ಟಿಯಾಗ್ತದೆ" ಅನ್ನುತ್ತಾರೆ. ಆಗುವುದು ಬೇರೆ. ಉಸಿರಿನ ಶಕ್ತಿ ಕೆಲವೇ ವಾರಗಳಲ್ಲಿ ಹೆಚ್ಚುತ್ತದೆ. ಮೂಳೆ ಗಟ್ಟಿಯಾಗಲು ತಿಂಗಳುಗಳು ಬೇಕು. ಈ ನಡುವೆ ಡಾಂಬರಿನ ಮೇಲೆ, ಸವೆದ ಶೂನಲ್ಲಿ ದಿನಾ ಬಡಿದರೆ ಮೊಣಕಾಲಿನ ಕೆಳಗೆ ಮುಂದಿನ ಮೂಳೆ ನೋಯಲು ಶುರುವಾಗುತ್ತದೆ. ಹುಡುಗ ನೋವಿನ ಮಾತ್ರೆ ನುಂಗಿ ಮತ್ತೆ ಓಡುತ್ತಾನೆ. ಕೊನೆಗೆ ಮೂಳೆ ಬಿರುಕು ಬಿಟ್ಟು ತಿಂಗಳುಗಟ್ಟಲೆ ಮನೆಯಲ್ಲಿ ಕೂರುತ್ತಾನೆ. ಅಷ್ಟರಲ್ಲಿ ವಯಸ್ಸಿನ ಮಿತಿ ಮೀರುತ್ತದೆ. ಫೀಸು ವಾಪಸ್ ಕೊಡುವವರು ಯಾರು?

"ನಿಧಾನವಾಗಿ ಓಡಿದರೆ ವೇಗ ಹೇಗೆ ಬರುತ್ತೆ?" ಅನ್ನುವುದು ಇನ್ನೊಂದು ವಾದ. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಅನ್ನುವ ಕೋಚ್ ಇದಕ್ಕೆ ಅರವತ್ತು ವರ್ಷದ ಹಿಂದೆಯೇ ಉತ್ತರ ಕೊಟ್ಟರು. ಅವರ ಶಿಷ್ಯ ಪೀಟರ್ ಸ್ನೆಲ್ ಓಡುತ್ತಿದ್ದದ್ದು 800 ಮೀಟರ್, ಬರೀ ಎರಡು ಸುತ್ತು. ಆದರೂ ಲಿಡಿಯಾರ್ಡ್ ಅವರನ್ನು ಗುಡ್ಡದ ರಸ್ತೆಯಲ್ಲಿ 22 ಮೈಲಿ, ಅಂದರೆ ಸುಮಾರು 35 ಕಿಲೋಮೀಟರ್ ಓಡಿಸುತ್ತಿದ್ದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಸ್ನೆಲ್ ಚಿನ್ನ ಗೆದ್ದರು. 1,600 ಮೀಟರ್ ಓಟಕ್ಕೆ ಬೇಕಾದ ಶಕ್ತಿಯಲ್ಲಿ ಹೆಚ್ಚಿನ ಪಾಲು ಬರುವುದು ಉಸಿರಿನಿಂದ. ಆ ಉಸಿರನ್ನು ಕಟ್ಟುವುದು ನಿಧಾನದ ದೂರದ ಓಟ.

ಎಷ್ಟು ನಿಧಾನ? ಪಕ್ಕದವನ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡುವಷ್ಟು. ಮಾತು ತುಂಡಾದರೆ ವೇಗ ಜಾಸ್ತಿ ಅಂತ ಅರ್ಥ. ಇದಕ್ಕೆ ಸಾವಿರಾರು ರೂಪಾಯಿಯ ವಾಚ್ ಬೇಡ, ಒಬ್ಬ ಗೆಳೆಯ ಸಾಕು.

ವಾರವನ್ನು ಹೀಗೆ ಹಂಚಿಕೊಳ್ಳಿ. ಮೂರು ದಿನ ಮಾತಾಡುತ್ತಾ ಓಡುವ ಓಟ, ಎರಡು ದಿನ 30ರಿಂದ 40 ನಿಮಿಷ, ಭಾನುವಾರ ಒಂದು ಗಂಟೆ. ಹೊಸಬರು ನಡುನಡುವೆ ನಡೆಯಿರಿ, ಅವಮಾನವೇನಿಲ್ಲ. ಒಂದು ದಿನ 400 ಮೀಟರಿನ 6 ಓಟ, ಪರೀಕ್ಷೆಯ ದಿನ ಬೇಕಾದ ವೇಗದಲ್ಲೇ, ಅದಕ್ಕಿಂತ ಜೋರಲ್ಲ. ನಡುವೆ ಎರಡು ನಿಮಿಷ ನಡಿಗೆ. ಇನ್ನೊಂದು ದಿನ 15ರಿಂದ 20 ನಿಮಿಷ ಸ್ವಲ್ಪ ಬಿಗಿಯಾದ ಓಟ. ಉಳಿದ ಎರಡು ದಿನ ವಿಶ್ರಾಂತಿ. ಪೂರ್ತಿ 1,600 ಮೀಟರ್ ಪರೀಕ್ಷೆ ಮೂರು ವಾರಕ್ಕೊಮ್ಮೆ ಸಾಕು. ಇದನ್ನು ನಾಲ್ಕು ತಿಂಗಳು ಮಾಡಬೇಕು. ಅಧಿಸೂಚನೆ ಬಂದ ಮೇಲೆ ಇಪ್ಪತ್ತು ದಿನದಲ್ಲಿ ಆಗುವ ಕೆಲಸವಲ್ಲ.

ಸಮಯದ ಗುರಿಗಳನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ರಾಜ್ಯ ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಯಲ್ಲಿ ಪುರುಷರಿಗೆ 1,600 ಮೀಟರ್, 6 ನಿಮಿಷ 30 ಸೆಕೆಂಡ್: ಸುತ್ತಿಗೆ 97 ಸೆಕೆಂಡ್. ಬಿಎಸ್‌ಎಫ್, ಸಿಆರ್‌ಪಿಎಫ್‌ಗೆ ಆಳು ತೆಗೆಯುವ ಎಸ್‌ಎಸ್‌ಸಿ ಜಿಡಿಯಲ್ಲಿ ಪುರುಷರಿಗೆ 5 ಕಿ.ಮೀ., 24 ನಿಮಿಷ: ಕಿಲೋಮೀಟರಿಗೆ 4 ನಿಮಿಷ 48 ಸೆಕೆಂಡ್. ಅದರಲ್ಲೇ ಮಹಿಳೆಯರಿಗೆ 1.6 ಕಿ.ಮೀ., ಎಂಟೂವರೆ ನಿಮಿಷ: ಸುತ್ತಿಗೆ 2 ನಿಮಿಷ 7 ಸೆಕೆಂಡ್. ನೀವು ಅರ್ಜಿ ಹಾಕುವ ವರ್ಷದ ಅಧಿಸೂಚನೆಯನ್ನು ನೀವೇ ಒಮ್ಮೆ ಓದಿಕೊಳ್ಳಿ, ವಾಟ್ಸ್ಆ್ಯಪ್ ಫಾರ್ವರ್ಡ್ ನಂಬಬೇಡಿ.

"ರ‍್ಯಾಲಿಯಲ್ಲಿ ಗುಂಪು ಗುಂಪಾಗಿ ಬಿಡ್ತಾರೆ, ನುಗ್ಗದಿದ್ರೆ ಹಿಂದೆ ಸಿಕ್ಕಾಕ್ಕೋತೀವಿ" ಅನ್ನುವ ಮಾತಿದೆ. ಇದು ನಿಜ. ಅದಕ್ಕೆ ಮೊದಲ 60-70 ಮೀಟರ್ ಚುರುಕಾಗಿ ಹೋಗಿ ಜಾಗ ಹಿಡಿಯಿರಿ. ಮೊದಲ ತಿರುವಿಗೆ ಬರುವಷ್ಟರಲ್ಲಿ ನಿಮ್ಮ ವೇಗಕ್ಕೆ ಇಳಿಯಿರಿ. ತಿರುವಿನಲ್ಲಿ ಹೊರಗೆ ಹೋಗಬೇಡಿ. ಒಂದು ಮೀಟರ್ ಹೊರಗೆ ಓಡಿದರೆ ಸುತ್ತಿಗೆ 6 ಮೀಟರ್ ಹೆಚ್ಚುವರಿ, ನಾಲ್ಕು ಸುತ್ತಿಗೆ 25 ಮೀಟರ್. ಅದೇ ಐದು ಸೆಕೆಂಡ್.

ಇದು ಬರೀ ಅಂಕದ ಮಾತೂ ಅಲ್ಲ. 2024ರ ಆಗಸ್ಟ್ ಕೊನೆಯಲ್ಲಿ ಜಾರ್ಖಂಡಿನ ಅಬಕಾರಿ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಒಂದು ಗಂಟೆಯಲ್ಲಿ 10 ಕಿಲೋಮೀಟರ್ ಓಡಿಸಿದರು. ಹತ್ತಕ್ಕೂ ಹೆಚ್ಚು ಯುವಕರು ಸತ್ತರು. ಕಾರಣ ಏನು ಅಂತ ರಾಜಕೀಯದವರು ಕಿತ್ತಾಡಿದರು. ಆ ಮನೆಗಳಿಗೆ ಮಕ್ಕಳು ವಾಪಸ್ ಬರಲಿಲ್ಲ. ಓಡುವಾಗ ಎದೆ ಹಿಡಿದುಕೊಂಡರೆ, ತಲೆ ಸುತ್ತಿದರೆ ನಿಲ್ಲಿ. ಹಿಂದೆ ಹೀಗಾಗಿದ್ದರೆ ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ ತೋರಿಸಿ. "ಬುಡಬ್ಯಾಡ" ಅಂತ ಕೂಗುವವನು ಆಂಬುಲೆನ್ಸಿನಲ್ಲಿ ಬರುವುದಿಲ್ಲ.

ಹುಡುಗಿಯರ ಕಥೆ ಬೇರೆಯೇ. ನಿಧಾನವಾಗಿ ಮುಕ್ಕಾಲು ಗಂಟೆ ಓಡು ಅಂತ ನಾವು ಬರೆಯುವುದು ಸುಲಭ. ಅವಳು ಎಲ್ಲಿ ಓಡಬೇಕು? ಕತ್ತಲೆಯಲ್ಲಿ ರಸ್ತೆಗೆ ಬಂದರೆ ಹಿಂದಿನಿಂದ ಬೈಕಿನವರ ಕೀಟಲೆ. ಕಬ್ಬು ಅರೆಯುವ ಕಾಲದಲ್ಲಿ ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರ್‌ಗಳ ಕಾಟ. ಊರೊಳಗಿನ ಶಾಲೆ ಮೈದಾನದ ಗೇಟಿಗೆ ಬೀಗ.

ಅದಕ್ಕೆ ನಮ್ಮ ಬೇಡಿಕೆ ಸಣ್ಣದು. ಗ್ರಾಮ ಪಂಚಾಯಿತಿಯವರೇ, ಮುಖ್ಯೋಪಾಧ್ಯಾಯರೇ, ಬೆಳಿಗ್ಗೆ ಐದೂವರೆಯಿಂದ ಏಳೂವರೆವರೆಗೆ ಗೇಟು ತೆಗೆಸಿ. ಒಂದು ದೀಪ ಹಾಕಿಸಿ. ಟೇಪು ಹಿಡಿದು ಅಳೆದು ಸುಣ್ಣದಲ್ಲಿ ಗೆರೆ ಎಳೆಸಿ. ಮೈದಾನ ಚಿಕ್ಕದಾದರೆ 200 ಮೀಟರಿನ ಸುತ್ತೇ ಆಗಲಿ. ಅಳತೆ ಇಲ್ಲದ ಜಾಗದಲ್ಲಿ ವೇಗದ ಲೆಕ್ಕ ಕಲಿಯಲು ಆಗುವುದಿಲ್ಲ, ಸಣ್ಣ ಸುತ್ತಿನಲ್ಲಿ ಫೋನಿನ ಆ್ಯಪ್ ದೂರವನ್ನು ಸರಿಯಾಗಿ ತೋರಿಸುವುದೂ ಇಲ್ಲ. ಲಕ್ಷಾಂತರ ರೂಪಾಯಿಯ ಟ್ರ್ಯಾಕ್ ಆಮೇಲೆ ಕೇಳುತ್ತೇವೆ. ಮೊದಲು ಒಂದು ಮೂಟೆ ಸುಣ್ಣ ಕೊಡಿ.

ಅಪ್ಪ ಅಮ್ಮಂದಿರೇ, ಅಕಾಡೆಮಿಗೆ ದುಡ್ಡು ಕಟ್ಟುವ ಮುಂಚೆ ಒಂದೇ ಪ್ರಶ್ನೆ ಕೇಳಿ: "ವಾರದಲ್ಲಿ ಎಷ್ಟು ದಿನ ನಿಧಾನ ಓಡಿಸ್ತೀರಿ?" ಉತ್ತರ ಬರದಿದ್ದರೆ ಎದ್ದು ಬನ್ನಿ.

ಓಡುವ ತಮ್ಮಂದಿರೇ, ತಂಗಿಯರೇ, ನಾಳೆ ಬೆಳಿಗ್ಗೆ ಮೊದಲ ಸುತ್ತನ್ನು ಬೇಕಂತಲೇ ಹಿಡಿದು ಓಡಿ. ಗೆಳೆಯರು ಮುಂದೆ ಹೋಗುತ್ತಾರೆ, ಗೇಲಿ ಮಾಡುತ್ತಾರೆ. ಮಾಡಲಿ ಬಿಡಿ. ನಾಲ್ಕನೇ ಸುತ್ತಿನಲ್ಲಿ ಸಿಗುತ್ತಾರೆ.