'ಹೋಗಿದೆ' ಅಂದ್ರೆ ಎಲ್ಲಿಗೆ ಹೋಯ್ತು ಸ್ವಾಮಿ?

ಬೆಂಗಳೂರಿನ ಬೈಕ್ ಗ್ಯಾರೇಜುಗಳಲ್ಲಿ ಒಂದೇ ಒಂದು ಕ್ರಿಯಾಪದದ ಮೇಲೆ ಇಡೀ ವ್ಯಾಪಾರ ನಡೆಯುತ್ತಿದೆ. 'ಹೋಗಿದೆ'. ಕ್ಲಚ್ ಪ್ಲೇಟ್ ಹೋಗಿದೆ. ರಿಂಗ್ ಹೋಗಿದೆ. ಟೈಮಿಂಗ್ ಚೈನ್ ಹೋಗಿದೆ. ಸೆನ್ಸರ್ ಹೋಗಿದೆ. ಗಾಡಿ ಸ್ಟ್ಯಾಂಡ್ ಹಾಕಿ ಎರಡು ನಿಮಿಷ ಆಗಿರಲ್ಲ, ಆಕ್ಸಿಲರೇಟರ್ ಎರಡು ಸಲ ತಿರುವಿ, ತಲೆ ಒಂದು ಕಡೆ ವಾಲಿಸಿ ತೀರ್ಪು ಕೊಟ್ಟಾಯ್ತು. ಎಲ್ಲಿಗೆ ಹೋಯ್ತು, ಯಾಕೆ ಹೋಯ್ತು, ಹೋಗಿದ್ದು ಅದೇನಾ ಇಲ್ಲ ಅದರ ಪಕ್ಕದ್ದಾ ಅಂತ ಕೇಳಿದರೆ, "ಸಾರ್, ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ" ಅಂತಾರೆ. ಸಂತೋಷ. ಆದರೆ ನಾನು ಕೇಳಿದ್ದು ಸರ್ವೀಸ್ ರೆಕಾರ್ಡ್ ಅಲ್ಲವಲ್ಲ.

ನನ್ನ ತಕರಾರು ಇಷ್ಟು. ನಮ್ಮೂರಲ್ಲಿ ಬೈಕ್ ರಿಪೇರಿ ಅನ್ನೋ ಹೆಸರಲ್ಲಿ ನಡೀತಿರೋದು ಪಾರ್ಟ್ ಬದಲಾವಣೆ. ಗಾಡಿ ಒಳಗೆ ಬರೋದಕ್ಕೂ ಹೊಸ ಪಾರ್ಟ್ ಹಾಕೋದಕ್ಕೂ ಮಧ್ಯೆ ಒಂದು ಕೆಲಸ ಇದೆ, ಕಾಯಿಲೆ ಏನು ಅಂತ ಪತ್ತೆ ಹಚ್ಚೋದು. ಅದನ್ನು ಮಾಡುವವರು ಕಮ್ಮಿ ಆಗುತ್ತಿದ್ದಾರೆ, ಯಾಕೆಂದರೆ ಅದಕ್ಕೆ ದುಡ್ಡು ಕೊಡುವವರು ಯಾರೂ ಇಲ್ಲ.

ನಾನಿರುವುದು ಅರೆಕೆರೆಯಲ್ಲಿ. ನಮ್ಮ ರಸ್ತೆಯ ಕೊನೇ ಮನೆಯ ಮಹಡಿ ಮೇಲೆ ಬಾಡಿಗೆಗಿರುವ ಹುಡುಗ ಊಟ ಡೆಲಿವರಿ ಮಾಡುತ್ತಾನೆ. ಸೆಕೆಂಡ್ ಹ್ಯಾಂಡ್ 100 ಸಿಸಿ ಗಾಡಿ. ಅದು ನಿಂತ ದಿನ ಅವನ ಸಂಪಾದನೆಯೂ ನಿಲ್ಲುತ್ತದೆ. ಒಂದು ದಿನ "ಅಣ್ಣಾ, ಗಾಡಿ ಕೂಗುತ್ತೆ, ಆದ್ರೆ ಎಳೆಯಲ್ಲ" ಅಂದ. ಗ್ಯಾರೇಜಿನಲ್ಲಿ ಉತ್ತರ ರೆಡಿ ಇತ್ತು: ಕ್ಲಚ್ ಪ್ಲೇಟ್ ಹೋಗಿದೆ. ಪ್ಲೇಟು, ಸ್ಪ್ರಿಂಗು, ಗ್ಯಾಸ್ಕೆಟ್ಟು, ಆಯಿಲ್ಲು, ಕೂಲಿ. ಎರಡು ದಿನ ಗಾಡಿ ಅಲ್ಲೇ. ಮೂರು ವಾರ ಆಯ್ತು, ಮತ್ತೆ ಅದೇ ರಾಗ.

ಕೂಗುತ್ತೆ, ಎಳೆಯಲ್ಲ ಅಂದರೆ ಕ್ಲಚ್ ಜಾರುತ್ತಿದೆ ಅಂತ ಹೇಳುವುದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಯಾಕೆ ಜಾರುತ್ತಿದೆ ಅನ್ನೋದೇ ವಿದ್ಯೆ. ಈ ಹುಡುಗ ಓಡಿಸೋದು ಬನ್ನೇರುಘಟ್ಟ ರಸ್ತೆಯಲ್ಲಿ. ಕಾಳೇನ ಅಗ್ರಹಾರದಿಂದ ತಾವರೆಕೆರೆ ತನಕ ನಡುರಸ್ತೆಯಲ್ಲೇ ಮೆಟ್ರೋ ಕಂಬ. ಜಯದೇವ ಮೇಲ್ಸೇತುವೆ ಕೆಡವಿದ್ದು 2020ರಲ್ಲಿ. ಅಲ್ಲಿಂದಾಚೆ ಈ ರಸ್ತೆಯಲ್ಲಿ ವರ್ಷಗಟ್ಟಲೆ ಓಡಾಡಿದವರಿಗೆ ಮೂರನೇ ಗೇರ್ ಅಂತ ಒಂದಿದೆ ಅನ್ನೋದೇ ಮರೆತುಹೋಗಿದೆ. ದಿನಕ್ಕೆ ಹತ್ತು ಗಂಟೆ ಅರ್ಧ ಕ್ಲಚ್ಚಿನಲ್ಲೇ ಜೀವನ. ಪ್ಲೇಟ್ ಸವೆಯುತ್ತೆ, ನಿಜ. ಆದರೆ ಸವೆದ ಹಾಗೆಲ್ಲಾ ಕೇಬಲ್ಲಿನಲ್ಲಿ ಇರಬೇಕಾದ ಸಡಿಲ ಕಮ್ಮಿ ಆಗುತ್ತಾ ಬರುತ್ತೆ. ಲಿವರ್ ತುದಿಯಲ್ಲಿ ಒಂದು ಸೆಂಟಿಮೀಟರ್‌ನಷ್ಟಾದರೂ ಖಾಲಿ ಆಟ ಇರಬೇಕು. ಇಲ್ಲದಿದ್ದರೆ ನೀವು ಕ್ಲಚ್ ಮುಟ್ಟದಿದ್ದರೂ ಅದು ಸದಾ ಸ್ವಲ್ಪ ಹಿಡಿದ ಹಾಗೇ ಇರುತ್ತೆ, ಜಾರುತ್ತೆ, ಸುಡುತ್ತೆ. ಹುಡುಗನ ಗಾಡಿಯಲ್ಲಿ ಆಟ ಸೊನ್ನೆ. ಹೊಸ ಪ್ಲೇಟ್ ಹಾಕಿದ ಪುಣ್ಯಾತ್ಮ "ಲಿವರ್ ಗಟ್ಟಿಯಾಗಿರ್ಲಿ" ಅಂತ ಕೇಬಲ್ಲನ್ನು ಮತ್ತೆ ಬಿಗಿಯಾಗೇ ಎಳೆದು ಕಳಿಸಿದ್ದ. ಮೇಲಿಂದ ಒಳಗೆ ಸುರಿದಿದ್ದು ಕಾರಿನ ಆಯಿಲ್! ಕಾರಿನಲ್ಲಿ ಕ್ಲಚ್ ಒಣಗಿರುತ್ತೆ. ನಮ್ಮ ಬೈಕಿನಲ್ಲಿ ಕ್ಲಚ್ಚು, ಗೇರು, ಇಂಜಿನ್ನು ಎಲ್ಲ ಮುಳುಗಿರೋದು ಒಂದೇ ಎಣ್ಣೆಯಲ್ಲಿ. ಕಾರಿನ ಕೆಲವು ಎಣ್ಣೆಗಳಲ್ಲಿ ಘರ್ಷಣೆ ಕಮ್ಮಿ ಮಾಡುವ ರಸಾಯನ ಬೆರೆಸಿರುತ್ತಾರೆ. ಕ್ಲಚ್ಚಿಗೆ ಬೇಕಿರುವುದೇ ಘರ್ಷಣೆ! ಬೈಕಿನ ಡಬ್ಬಿಯ ಹಿಂದೆ 'ಜಾಸೋ ಎಂಎ' ಅಂತ ಬರೆದಿರುವುದು ಅಲಂಕಾರಕ್ಕಲ್ಲ.

ಲಿವರ್ ಅಲ್ಲಾಡಿಸಿ ನೋಡುವುದಕ್ಕೆ ಬೇಕಾಗಿದ್ದು ಒಂದು ಬೆರಳು. ಯಾವ ಆಯಿಲ್ ಹಾಕಿಸಿದ್ದೆ ಅಂತ ಕೇಳುವುದಕ್ಕೆ ಒಂದು ಬಾಯಿ. ಆದರೆ ಬೆರಳಿಗೂ ಬಾಯಿಗೂ ಬಿಲ್ಲಿನಲ್ಲಿ ಕಾಲಂ ಇಲ್ಲವಲ್ಲ.

ಗೇರ್ ಬಾಕ್ಸಿನ ಕಥೆ ಇನ್ನೂ ಮಜಾ. ಓಡುವಾಗ 'ಗೊಂಯ್' ಅನ್ನುವ ಶಬ್ದ ಬಂತು ಅಂದರೆ ಸಾಕು, "ಇಂಜಿನ್ ಇಳಿಸಬೇಕು ಸಾರ್". ಇಳಿಸಿ, ಕ್ರ್ಯಾಂಕ್ ಕೇಸ್ ಎರಡು ಹೋಳು ಮಾಡಿ, ಕಂಡ ಕಂಡ ಬೇರಿಂಗ್ ಎಲ್ಲ ಬದಲಿಸಿ, ಮತ್ತೆ ಕೂರಿಸೋದು. ಅದಕ್ಕೂ ಮುಂಚೆ ಹತ್ತು ನಿಮಿಷದ ಒಂದು ಜರಡಿ ಇದೆ. ಗಾಡಿ ಸ್ಟಾರ್ಟ್ ಮಾಡಿ ನ್ಯೂಟ್ರಲ್ಲಿನಲ್ಲಿ ಬಿಡಿ. ಕ್ಲಚ್ ಬಿಟ್ಟಿದ್ದಾಗ ಗೇರ್ ಬಾಕ್ಸಿನ ಮೊದಲ ಶಾಫ್ಟು ಇಂಜಿನ್ ಜೊತೆ ತಿರುಗುತ್ತಾ ಇರುತ್ತೆ. ಈಗ ಕ್ಲಚ್ ಹಿಡಿಯಿರಿ. ಶಬ್ದ ನಿಂತರೆ ಅನುಮಾನ ಆ ಶಾಫ್ಟಿನ ಬೇರಿಂಗ್ ಮೇಲೆ. ಹಿಡಿದಾಗಲೇ ಶುರುವಾದರೆ ಕ್ಲಚ್ ಬಿಡಿಸುವ ಸಣ್ಣ ಬೇರಿಂಗ್ ಮೇಲೆ. ಹಿಡಿದರೂ ಬಿಟ್ಟರೂ ಒಂದೇ ಥರ ಇದ್ದರೆ ಇಂಜಿನ್ ಕಡೆ ನೋಡಿ. ಎಣ್ಣೆಯಲ್ಲಿರುವ ಕ್ಲಚ್ಚು ಹಿಡಿದಾಗಲೂ ಚೂರು ಎಳೆಯುತ್ತಾ ಇರುತ್ತೆ, ಹಾಗಾಗಿ ಇದು ಅನುಮಾನಕ್ಕೆ ಸಾಕು, ತೀರ್ಪಿಗೆ ಸಾಲದು. ನಿಂತಲ್ಲಿ ಶಬ್ದವೇ ಇಲ್ಲ, ಓಡುವಾಗ ಮಾತ್ರ ಅಂದರೆ, ಒಂದೇ ಗೇರಿನಲ್ಲಿ ಬರುತ್ತಾ ಎಲ್ಲಾ ಗೇರಿನಲ್ಲೂ ಬರುತ್ತಾ ಅಂತ ಕೇಳಬೇಕು. ಒಂದರಲ್ಲೇ ಬಂದರೆ ಆ ಗೇರಿನ ಜೋಡಿ ಹಲ್ಲು. ಎಲ್ಲದರಲ್ಲೂ ಬಂದು, ಗಾಡಿ ಆಫ್ ಮಾಡಿ ಸುಮ್ಮನೆ ತಳ್ಳಿಕೊಂಡು ಹೋದಾಗಲೂ ಬಂದರೆ ಇಂಜಿನ್ ಯಾಕೆ ಸ್ವಾಮಿ ಇಳಿಸ್ತೀರಿ? ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ, ಚೈನ್ ನೋಡಿ, ಚಕ್ರದ ಬೇರಿಂಗ್ ಅಲ್ಲಾಡಿಸಿ ನೋಡಿ. ನೂರುಗಳಲ್ಲಿ ಮುಗಿಯುವ ಕೆಲಸವನ್ನು ಸಾವಿರಗಳಿಗೆ ಏರಿಸುವುದು ಈ ಹತ್ತು ನಿಮಿಷದ ಸೋಮಾರಿತನ.

ಗೇರ್ ಹಾರುವ ಕಾಯಿಲೆಗೆ ಮಾತ್ರ ಕ್ರ್ಯಾಂಕ್ ಕೇಸ್ ಬಿಚ್ಚದೆ ವಿಧಿಯಿಲ್ಲ. ಹಲ್ಲಿನ ಪಕ್ಕದ ಕಚ್ಚು ದುಂಡಾಗಿದೆಯೋ, ಫೋರ್ಕ್ ಬಾಗಿದೆಯೋ ಹೊರಗಿಂದ ಕಾಣಲ್ಲ. ಬಿಚ್ಚಲೇಬಾರದು ಅಂತ ನಾನು ಹೇಳುತ್ತಿಲ್ಲ. ಬಿಚ್ಚುವುದಕ್ಕೆ ಒಂದು ಕಾರಣ ಇರಲಿ.

ಹೊಗೆ ವಿಷಯದಲ್ಲೂ ಇದೇ ಹಾಡು. ನೀಲಿ ಹೊಗೆ ಕಂಡ ತಕ್ಷಣ "ಬೋರ್ ಕಿಟ್". ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಉಸಿರು ನೀಲಿ ಬಿಟ್ಟು ಆಮೇಲೆ ಸರಿಹೋದರೆ, ಅದು ಬಹುಪಾಲು ವಾಲ್ವ್ ಸೀಲಿನಿಂದ ರಾತ್ರಿಯೆಲ್ಲಾ ಜಿನುಗಿದ ಎಣ್ಣೆ. ಆಕ್ಸಿಲರೇಟರ್ ಕೊಟ್ಟಾಗೆಲ್ಲಾ ಬಂದರೆ ರಿಂಗಿನ ಮೇಲೆ ಕಣ್ಣಿಡಿ. ಜೊತೆಗೆ ಪಿಕಪ್ಪೂ ಬಿದ್ದುಹೋಗಿದೆ, ಕಂಪ್ರೆಶನ್ ಎಲ್ಲಿ ಸೋರುತ್ತಿದೆ ಗೊತ್ತಾಗುತ್ತಿಲ್ಲ ಅಂದರೆ ಹಳೇ ಉಪಾಯ ಒಂದಿದೆ. ಪ್ಲಗ್ ಬಿಚ್ಚಿ ಗೇಜ್ ಹಾಕಿ ಕಂಪ್ರೆಶನ್ ನೋಡಿ. ಪ್ಲಗ್ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಮುಳ್ಳು ಮೇಲೇರಿದರೆ ಸೋರಿಕೆ ರಿಂಗಿನ ಕಡೆ, ಯಾಕೆಂದರೆ ಎಣ್ಣೆ ಆ ಸಂದನ್ನು ಸ್ವಲ್ಪ ಹೊತ್ತು ಮುಚ್ಚಿತು. ಏರದಿದ್ದರೆ ವಾಲ್ವ್ ಕಡೆ. ವಾಲ್ವ್ ಸರಿಯಾಗಿ ಕೂರುತ್ತಿಲ್ಲ ಅಂದರೆ ಟಪೆಟ್ ಸಂದು ಅತೀ ಬಿಗಿ ಆಗಿರಲೂಬಹುದು. ಅದಕ್ಕೆ ಬೇಕಾಗಿದ್ದು ಒಂದು ಫೀಲರ್ ಗೇಜು, ಅರ್ಧ ಗಂಟೆ, ತಣ್ಣಗಿನ ಇಂಜಿನ್ನು. ಆ ಕಂಪ್ರೆಶನ್ ಗೇಜಿಗೆ ಒಂದು ಬೋರ್ ಕಿಟ್ಟಿನಷ್ಟೂ ಬೆಲೆ ಇಲ್ಲ. ನಮ್ಮ ಏರಿಯಾದಲ್ಲಿ ನಾನು ನೋಡಿರುವ ಗ್ಯಾರೇಜುಗಳಲ್ಲಿ ಅದು ಇರೋದು ಎರಡರಲ್ಲಿ. ಒಂದರಲ್ಲಿ ಅದರ ಮೇಲೆ ಧೂಳು.

ಈಗ ಕೆಲವರು ಹೇಳುತ್ತಾರೆ, "ಅದೆಲ್ಲಾ ಹಳೇ ಕಾಲ, ಈಗ ಸ್ಕ್ಯಾನರ್ ಹಾಕಿದ್ರೆ ಅದೇ ಹೇಳುತ್ತೆ." 2020ರ ಏಪ್ರಿಲ್ 1ರಿಂದ ಬಿಎಸ್6 ಬಂತು, ಕಾರ್ಬೊರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂತು, ಮೀಟರಿನಲ್ಲಿ ಹಳದಿ ದೀಪ ಬಂತು. ಸ್ಕ್ಯಾನರ್ ಏನು ಹೇಳುತ್ತೆ? ಒಂದು ಕೋಡ್. ಆಕ್ಸಿಜನ್ ಸೆನ್ಸರ್ ಕೊಡುತ್ತಿರುವ ಲೆಕ್ಕ ಸರಿಯಿಲ್ಲ ಅನ್ನುತ್ತೆ. ಅದು ದೂರು. ಪೊಲೀಸ್ ಸ್ಟೇಷನ್ನಿನಲ್ಲಿ ದೂರು ಕೊಟ್ಟವನನ್ನೇ ಒಳಗೆ ಹಾಕಿದ ಹಾಗೆ, ಇವರು ದೂರು ಹೇಳಿದ ಸೆನ್ಸರನ್ನೇ ಕಿತ್ತು ಹೊಸದು ಹಾಕುತ್ತಾರೆ. ಇಂಜಿನ್ನಿಗೆ ಗಾಳಿ ಹೋಗುವ ರಬ್ಬರ್ ಬಿರುಕು ಬಿಟ್ಟು ಲೆಕ್ಕಕ್ಕಿಲ್ಲದ ಗಾಳಿ ನುಗ್ಗುತ್ತಿದ್ದರೂ ಸೆನ್ಸರ್ ಹಾಗೇ ಹೇಳಬೇಕು, ಸೈಲೆನ್ಸರ್ ಜೋಡಣೆ ಸೋರುತ್ತಿದ್ದರೂ ಹಾಗೇ, ಪೆಟ್ರೋಲ್ ಪಂಪಿನ ಒತ್ತಡ ಬಿದ್ದಿದ್ದರೂ ಹಾಗೇ. ಸೆನ್ಸರ್ ಪಾಪ ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ! ಬ್ಯಾಟರಿ ಸೊರಗಿದರೂ ತಲೆಬುಡ ಇಲ್ಲದ ಕೋಡ್‌ಗಳು ಬರುತ್ತವೆ. ಮಲ್ಟಿಮೀಟರ್ ಹಿಡಿದು ನೋಡಿದರೆ ನಿಂತ ಗಾಡಿಯ ಒಳ್ಳೇ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, ಇಂಜಿನ್ ಓಡುವಾಗ 14ರ ಆಸುಪಾಸು. ಇಷ್ಟನ್ನು ನೋಡದೆ ಸೆನ್ಸರ್ ಬದಲಿಸುವವನಿಗೆ ಸ್ಕ್ಯಾನರ್ ಕೊಡುವುದೂ ಒಂದೇ, ಗಿಳಿಶಾಸ್ತ್ರದ ಗಿಳಿ ಕೊಡುವುದೂ ಒಂದೇ.

ಅದೂ ಆ ಸ್ಕ್ಯಾನರ್ ಎಲ್ಲರಿಗೂ ಸಿಗುತ್ತಾ? ಬಹಳ ಕಡೆ ಕಂಪನಿಗೊಂದು ಪ್ಲಗ್ಗು, ಕಂಪನಿಗೊಂದು ಸಾಫ್ಟ್‌ವೇರು. ಕಾರುಗಳ ವಿಷಯದಲ್ಲಿ 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಂಪನಿಗಳಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ ಮತ್ತು ಕಾಯಿಲೆ ಹುಡುಕುವ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದಾರೆ ಅಂತ. ಆ ದಂಡ ಆಮೇಲೆ ಮೇಲ್ಮನವಿಗಳ ದಾರಿ ಹಿಡಿಯಿತು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿತು, ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ನಮ್ಮ ಮೂಲೆ ಗ್ಯಾರೇಜಿನವನಿಗೆ ಅದರಿಂದ ಏನು ಸಿಕ್ಕಿತು ಅಂತ ಕೇಳಿದೆ. "ಅದೇನ್ ಸಾರ್?" ಅಂದ. ಕಾರಣ ಹುಡುಕುವ ಮನಸ್ಸಿರುವವನ ಕೈಗೆ ಉಪಕರಣ ಸಿಗಲ್ಲ, ಉಪಕರಣ ಇರುವ ಕಡೆ ಟಾರ್ಗೆಟ್ ಇರುತ್ತೆ.

ಇದನ್ನೆಲ್ಲಾ ಹೇಳಿದರೆ ಇನ್ನೊಂದು ಗುಂಪು ಕಣ್ಣೀರು ಹಾಕೋಕೆ ರೆಡಿ. "ಹಳೇ ಮೆಕ್ಯಾನಿಕ್‌ಗಳು ಕಿವಿಯಲ್ಲೇ ಹೇಳಿಬಿಡ್ತಿದ್ರು ಕಣ್ರೀ. ಯೆಜ್ಡಿ ಕಾಲದವರು!" ನಾನೂ ಯೆಜ್ಡಿ ಪ್ರೇಮಿಯೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಗಾಡಿ ತಯಾರಾಗುತ್ತಿದ್ದವು, 1996ರಲ್ಲಿ ಬಾಗಿಲು ಹಾಕಿತು. ಗೇರು, ಕಿಕ್ಕರು ಎರಡೂ ಒಂದೇ ಲಿವರ್ ಆಗಿದ್ದ ಆ ಗಾಡಿ ಈಗಲೂ ಕಂಡರೆ ನಿಂತು ನೋಡುತ್ತೇನೆ. ಆದರೆ ಆ ಕಿವಿಯ ಮಹಿಮೆಗೆ ಒಂದು ಕಾರಣ ಇತ್ತು. ಅವು ಬಹುಪಾಲು 250 ಸಿಸಿ, ಒಂದೇ ಸಿಲಿಂಡರಿನ ಟೂ ಸ್ಟ್ರೋಕು. ವಾಲ್ವ್ ಇಲ್ಲ, ಟಪೆಟ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಶಬ್ದ ಮಾಡೋಕೆ ಒಳಗೆ ಇದ್ದದ್ದೇ ನಾಲ್ಕು ಸಾಮಾನು. ಫೋರ್ ಸ್ಟ್ರೋಕಿನ ತಲೆಯಲ್ಲಿ 'ಟಕ ಟಕ' ಅಂದರೆ ಅದು ಟಪೆಟ್ಟೋ, ಚೈನೋ, ಸೋರುವ ಸೈಲೆನ್ಸರ್ ಜೋಡಣೆಯೋ ಅಂತ ಬರೀ ಕಿವಿಯಿಂದ ಆಣೆ ಮಾಡುವವರನ್ನು ನಾನು ನಂಬಲ್ಲ. ಅವತ್ತಿನ ಒಳ್ಳೆಯವರು ಉದ್ದ ಸ್ಕ್ರೂಡ್ರೈವರ್ ಇಂಜಿನ್ನಿಗಿಟ್ಟು ಇನ್ನೊಂದು ತುದಿ ಕಿವಿಗೆ ಹಿಡಿದು ಜಾಗ ಜಾಗ ಹುಡುಕುತ್ತಿದ್ದರು. ಅದು ಪರೀಕ್ಷೆ, ಪವಾಡ ಅಲ್ಲ. ನಾವು ನೆನಪಿಟ್ಟುಕೊಂಡಿರುವುದು ಪವಾಡವನ್ನು ಮಾತ್ರ.

ಇನ್ನು ನಮ್ಮ ಸರದಿ. ಇದೇ ಬನ್ನೇರುಘಟ್ಟ ರಸ್ತೆಯ ಜಯದೇವ ಆಸ್ಪತ್ರೆಗೆ ಎದೆನೋವು ಅಂತ ಹೋದರೆ ಮೊದಲು ಇಸಿಜಿ ತೆಗೆಯುತ್ತಾರೆ. ಏನೂ ಇಲ್ಲ ಅಂತ ಬಂದರೂ ದೇವರಿಗೆ ಕೈಮುಗಿದು ಪರೀಕ್ಷೆಯ ದುಡ್ಡು ಕಟ್ಟಿ ಬರುತ್ತೇವೆ. ಗ್ಯಾರೇಜಿನವನು ಒಂದು ಗಂಟೆ ಹುಡುಕಿ, ಕೇಬಲ್ ಸಡಿಲ ಮಾಡಿ, "ಇನ್ನೂರು ಕೊಡಿ ಸಾರ್" ಅಂದರೆ ಏನಂತೀವಿ? "ಬರೀ ಸ್ಕ್ರೂ ತಿರುಗಿಸಿದ್ದಕ್ಕೆ ಇನ್ನೂರಾ?" ಅದೇ ಬಾಯಿ ಐದು ಸಾವಿರದ ಬಿಲ್ಲಿಗೆ ಮುಚ್ಚಿಕೊಂಡಿರುತ್ತೆ, ಯಾಕೆಂದರೆ ಕೈಯಲ್ಲಿ ಹೊಸ ಪಾರ್ಟಿನ ಖಾಲಿ ಡಬ್ಬಿ ಇರುತ್ತೆ. ತಲೆ ಉಪಯೋಗಿಸಿದವನಿಗೆ ಚೌಕಾಸಿ, ಡಬ್ಬಿ ತೋರಿಸಿದವನಿಗೆ ಯುಪಿಐ. ಗಂಟೆಗಿಷ್ಟು ಅಂತ ಸಲಹೆಗೇ ಬಿಲ್ ಹಾಕುವ ಕಂಪನಿಗಳಲ್ಲಿ ಕೂತಿರುವವರೇ ನಮ್ಮಲ್ಲಿ ಅರ್ಧ ಜನ!

ಅರೆಕೆರೆಯಲ್ಲೇ ಒಬ್ಬರು 'ಚೆಕ್ ಮಾಡಲು 150 ರೂ.' ಅಂತ ಬೋರ್ಡ್ ಹಾಕಿದ್ದರು. ಚೆಕ್ ಮಾಡಿದ ಮೇಲೆ ರಿಪೇರಿ ಎಲ್ಲಾದರೂ ಮಾಡಿಸಿಕೊಳ್ಳಿ ಅಂತ ಕೂಡ ಬರೆದಿದ್ದರು. ಜನ ಬೋರ್ಡ್ ಓದಿ, ನಕ್ಕು, ಪಕ್ಕದ ಗ್ಯಾರೇಜಿಗೆ ಹೋದರು. ಎರಡು ತಿಂಗಳಿಗೆ ಬೋರ್ಡ್ ಇಳಿಯಿತು. ಈಗ ಅವರೂ 'ಹೋಗಿದೆ' ಅಂತಾರೆ. ನಾನು ಅವರನ್ನು ಬೈಯಲ್ಲ.

ಹಾಗಾಗಿ ಮುಂದಿನ ಸಲ ಗಾಡಿ ಬಿಡುವಾಗ "ಕ್ಲಚ್ ಪ್ಲೇಟ್ ಚೇಂಜ್ ಮಾಡಿ" ಅಂತ ನೀವೇ ಔಷಧಿ ಬರೆಯಬೇಡಿ. ಯಾವಾಗ ಆಗುತ್ತೆ, ಯಾವ ಗೇರಿನಲ್ಲಿ, ಇಂಜಿನ್ ಬಿಸಿಯಾದ ಮೇಲೋ ಮುಂಚೆಯೋ, ಮಳೆ ಬಂದ ಮಾರನೇ ದಿನವೋ, ಅದನ್ನು ಹೇಳಿ. ಸಂಜೆ ಒಳಗೆ ಬೇಕು ಅಂತ ಕುತ್ತಿಗೆ ಮೇಲೆ ಕೂರಬೇಡಿ. ಹುಡುಕಿದ್ದಕ್ಕೆ ಬೇರೆಯಾಗಿ ದುಡ್ಡು ಕೊಡ್ತೀನಿ ಅಂತ ಮೊದಲೇ ಹೇಳಿ, ಕೊಡಿ. ಬಿಚ್ಚಿದ ಹಳೇ ಪಾರ್ಟ್ ಕೈಗೆ ಇಸ್ಕೊಳ್ಳಿ. 'ಹೋಗಿದೆ' ಅಂದ ತಕ್ಷಣ "ಹೇಗೆ ಗೊತ್ತಾಯ್ತು?" ಅಂತ ಒಂದು ಸಲ ಕೇಳಿ. ನಮ್ಮ ಹುಡುಗ ಆ ಗ್ಯಾರೇಜಿನಿಂದ ಮೊದಲ ಸಲದ ಹಳೇ ಪ್ಲೇಟ್‌ಗಳನ್ನು ಕೇಳಿ ತಂದಿದ್ದ. ವರ್ನಿಯರ್ ಹಿಡಿದು ಅಳೆದೆವು. ಐದರಲ್ಲಿ ಮೂರು ಇನ್ನೂ ಕಂಪನಿಯವರೇ ಕೊಟ್ಟ ಮಿತಿಯೊಳಗಿದ್ದವು.