ಠೇವಣಿ ಇಟ್ಟ ಕೋವಿಗೆ ಎಣ್ಣೆ ಹಚ್ಚುವವರು ಯಾರು?



ಚುನಾವಣೆ ಘೋಷಣೆಯಾದ ಕೂಡಲೇ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ರೈತರಿಗೆ ಠಾಣೆಯಿಂದ ಕರೆ ಬರುತ್ತದೆ: ಕೋವಿ ತಂದು ಠೇವಣಿ ಇಡಿ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಕಾಡಂಚಿನ ಹಳ್ಳಿಗಳಿಗೆ ಇದು ಹಳೆಯ ಅನುಭವ. ಮತದಾನ ಶಾಂತವಾಗಿ ನಡೆಯಬೇಕೆಂಬುದಕ್ಕೆ ನನ್ನ ವಿರೋಧವಿಲ್ಲ. ಆದರೆ ಹಾಗೆ ಇಟ್ಟ ಕೋವಿ ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದೆ ತುಕ್ಕು ಹಿಡಿಯುವುದನ್ನು ಒಪ್ಪಲಾಗದು.

2024ರ ಲೋಕಸಭಾ ಚುನಾವಣೆಯನ್ನೇ ನೋಡಿ. ಮಾರ್ಚ್ 16ಕ್ಕೆ ಘೋಷಣೆ, ನಮ್ಮಲ್ಲಿ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಎರಡೂವರೆ ತಿಂಗಳು ದಾಟಿತು. ಅಷ್ಟರಲ್ಲಿ ಬೇಸಿಗೆಯ ಧೂಳೂ ಬಂತು, ಮುಂಗಾರಿನ ತೇವವೂ ಬಂತು. ಜಿಲ್ಲೆಯ ಒಂದು ಠಾಣೆಯಿಂದ ನನ್ನ ಒಂಟಿನಳಿಗೆ ತೋಟಾ ಕೋವಿಯನ್ನು ಬಿಡಿಸಿಕೊಂಡು ಬಂದು ಅಂಗಳದಲ್ಲಿ ಮುರಿದು ಬೆಳಕಿಗೆ ಹಿಡಿದಾಗ, ಕನ್ನಡಿಯಂತೆ ಇರಬೇಕಾದ ನಳಿಗೆಯ ಒಳಮೈ ಕೆಂಪು ಚುಕ್ಕೆಗಳಿಂದ ತುಂಬಿತ್ತು. ಕುದುರೆ ಎಳೆದರೆ ಅರ್ಧಕ್ಕೇ ನಿಲ್ಲುತ್ತಿತ್ತು. ನನ್ನ ಕೋವಿಯ ಜೊತೆ ಒಂದೇ ಮೂಲೆಯಲ್ಲಿ ಒರಗಿಸಿಟ್ಟಿದ್ದ ಇನ್ನೊಬ್ಬ ರೈತರ, ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯ ತುದಿಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಅದೇ ಗೂಡು ನನ್ನ ತೋಟಾ ಕೋವಿಯಲ್ಲಿದ್ದು, ಗಮನಿಸದೆ ಈಡು ಹೊಡೆದಿದ್ದರೆ ನಳಿಗೆಯೇ ಸೀಳಿ ಕೈ, ಕಣ್ಣು ಹೋಗುತ್ತಿತ್ತು. ಕಟ್ಟಿಕೊಂಡ ನಳಿಗೆ ಒಡೆಯುವುದು ಕೋವಿ ಹಿಡಿದವರಿಗೆಲ್ಲ ಗೊತ್ತಿರುವ ಅಪಾಯ.

ಕೇಪಿನ ಕೋವಿಯ ಕಷ್ಟ ಇನ್ನೂ ಹೆಚ್ಚು. ಕರಿಮದ್ದು ಉರಿದ ಮೇಲೆ ಉಳಿಯುವ ಮಸಿ ಗಾಳಿಯ ತೇವವನ್ನು ಹೀರಿಕೊಂಡು ಕಬ್ಬಿಣವನ್ನು ತಿನ್ನುತ್ತದೆ. ಅದಕ್ಕೇ ಹಿರಿಯರು ಈಡು ಹೊಡೆದ ದಿನವೇ ನಳಿಗೆಗೆ ಬಿಸಿನೀರು ಹಾಕಿ, ಗಜದ ತುದಿಗೆ ಬಟ್ಟೆ ಸುತ್ತಿ ಉಜ್ಜಿ, ಚೆನ್ನಾಗಿ ಒಣಗಿಸಿ ಎಣ್ಣೆ ಸವರುತ್ತಿದ್ದರು. ಕೇಪು ಕೂರಿಸುವ ಮೊಳೆಯ ತೂತನ್ನು ತಂತಿಯಿಂದ ಬಿಡಿಸುತ್ತಿದ್ದರು. ಮ್ಯಾಗಜಿನ್ ಇರುವ ರೈಫಲ್, ಪಿಸ್ತೂಲು ನಮ್ಮ ರೈತರಲ್ಲಿ ವಿರಳ. ಇದ್ದವರಿಗೂ ಇದೇ ಗೋಳು. ಮ್ಯಾಗಜಿನ್‌ನಿಂದ ಗುಂಡು ತೆಗೆದು, ಸ್ಪ್ರಿಂಗ್ ಬಿಚ್ಚಿ, ಒಳಗಿನ ಧೂಳು ಒರೆಸಿ ಒಣದಾಗಿಯೇ ಇಡಬೇಕು. ಅಲ್ಲಿ ಎಣ್ಣೆ ಹೆಚ್ಚಾದರೆ ಧೂಳು ಮೆತ್ತಿಕೊಂಡು ಗುಂಡು ಮೇಲೇರದೆ ಸಿಕ್ಕಿಕೊಳ್ಳುತ್ತದೆ, ಗುಂಡಿನ ಕೇಪೂ ಕೆಡಬಹುದು. ಇಷ್ಟು ನಾಜೂಕಿನ ಕೆಲಸವನ್ನು ಬಂದೋಬಸ್ತ್‌ನಲ್ಲಿ ಮುಳುಗಿದ ಪೇದೆ ಮಾಡಲಿ ಎಂದು ನಾನು ಕೇಳುತ್ತಿಲ್ಲ. ಮಾಲೀಕನಿಗೆ ಮಾಡಲು ಬಿಡಿ ಎನ್ನುತ್ತಿದ್ದೇನೆ.

ಠಾಣೆಯೇ ಎಲ್ಲಕ್ಕಿಂತ ಭದ್ರವಾದ ಜಾಗ ಎನ್ನುವವರಿಗೆ ಒಂದು ಮಾತು. 2024ರ ಮೇ 24ರ ರಾತ್ರಿ ಚನ್ನಗಿರಿ ಠಾಣೆಯ ಮೇಲೆ ಗುಂಪು ಕಲ್ಲು ತೂರಿತು. ಆಗ ಮತದಾನ ಮುಗಿದಿತ್ತು, ಎಣಿಕೆ ಆಗಿರಲಿಲ್ಲ, ನೀತಿಸಂಹಿತೆ ಜಾರಿಯಲ್ಲಿತ್ತು. ತಾಲ್ಲೂಕಿನ ಕೋವಿಗಳನ್ನೆಲ್ಲ ಒಂದೇ ಕೋಣೆಗೆ ತುಂಬುವ ಮುನ್ನ ಅಧಿಕಾರಿಗಳು ಆ ರಾತ್ರಿಯನ್ನು ನೆನೆಯಬೇಕು.

ಚುನಾವಣೆ ಇದೆಯೆಂದು ಕಾಡುಪ್ರಾಣಿ ಕಾಯುವುದಿಲ್ಲ. ರಂಗಯ್ಯನದುರ್ಗದ ಕೊಂಡುಕುರಿ ಧಾಮದ ಸುತ್ತಲಿನ ಜಗಳೂರಿನ ರೈತ ಬಿತ್ತಿದ ಮೆಕ್ಕೆಜೋಳ, ಶೇಂಗಾವನ್ನು ಹಂದಿ ಒಂದೇ ರಾತ್ರಿಯಲ್ಲಿ ಉತ್ತು ಹಾಕುತ್ತದೆ. ಚನ್ನಗಿರಿಯ ಅಡಿಕೆ ತೋಟಗಳಲ್ಲಿ ಮಂಗಗಳ ಕಾಟ. 2023ರ ಏಪ್ರಿಲ್‌ನಲ್ಲಿ, ಅದೂ ವಿಧಾನಸಭಾ ಚುನಾವಣೆಯ ನೀತಿಸಂಹಿತೆಯ ದಿನಗಳಲ್ಲೇ, ಚನ್ನಗಿರಿ ತಾಲ್ಲೂಕಿನ ಸೋಮಲಾಪುರದಲ್ಲಿ ಆನೆ ಒಬ್ಬ ಹುಡುಗಿಯನ್ನು ಕೊಂದಿತು. ಅದನ್ನು ಹಿಡಿಯಲು ಹೋದ ವನ್ಯಜೀವಿ ವೈದ್ಯರೂ ತೀವ್ರವಾಗಿ ಗಾಯಗೊಂಡರು. ನಮ್ಮ ಕೋವಿಗಳು ಕೈಯಲ್ಲಿದ್ದರೆ ಆನೆ ಓಡಿಹೋಗುತ್ತಿತ್ತು ಎಂದು ನಾನು ಹೇಳುವುದಿಲ್ಲ. ಅನುಮತಿಯಿಲ್ಲದೆ ಕಾಡುಪ್ರಾಣಿಯನ್ನು ಕೊಲ್ಲಬಾರದೆಂಬ 1972ರ ಕಾಯ್ದೆಯೂ ನಮಗೆ ಗೊತ್ತು. ನಮಗೆ ಬೇಕಾದದ್ದು ಬೆದರಿಸಲು ಗಾಳಿಗೆ ಹಾರಿಸುವ ಒಂದು ಈಡು. ಆ ಸದ್ದೊಂದೇ ರಾತ್ರಿ ಕಾವಲಿನ ಧೈರ್ಯ.

ಎಲ್ಲರ ಕೋವಿಯನ್ನೂ ಕಣ್ಣುಮುಚ್ಚಿ ಜಮಾ ಮಾಡಿಸಿಕೊಳ್ಳಿ ಎಂದು ಚುನಾವಣಾ ಆಯೋಗವೂ ಹೇಳಿಲ್ಲ. ಜಿಲ್ಲಾಧಿಕಾರಿ ಮತ್ತು ಪೊಲೀಸ್ ವರಿಷ್ಠಾಧಿಕಾರಿ ಇರುವ ಪರಿಶೀಲನಾ ಸಮಿತಿ ಕೂತು, ಜಾಮೀನಿನ ಮೇಲೆ ಹೊರಗಿರುವವರು, ಅಪರಾಧ ಹಿನ್ನೆಲೆಯವರು, ಹಿಂದೆ ಚುನಾವಣಾ ಗಲಭೆಯಲ್ಲಿ ಸಿಕ್ಕಿಬಿದ್ದವರು ಯಾರು ಎಂದು ಒಬ್ಬೊಬ್ಬರದನ್ನೂ ನೋಡಿ ತೀರ್ಮಾನಿಸಬೇಕೆಂಬುದು ಅದರ ಸೂಚನೆ. ಒಂದು ಕೇಸೂ ಇಲ್ಲದ, ಜೀವಮಾನವಿಡೀ ತೋಟ ಕಾದ ಮುದುಕರನ್ನೂ ಅದೇ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ. 2016ರ ಶಸ್ತ್ರಾಸ್ತ್ರ ನಿಯಮಗಳು ಹೊಸದಾಗಿ ಪರವಾನಗಿ ಕೇಳುವವನಿಗೆ ಸುರಕ್ಷತಾ ತರಬೇತಿಯನ್ನು ಕಡ್ಡಾಯ ಮಾಡಿವೆ. ನಾವು ಜಾಗ್ರತೆಯಿಂದ ಇರಬೇಕೆಂದು ಬಯಸುವ ಸರ್ಕಾರ, ತನ್ನ ವಶದಲ್ಲಿರುವಾಗ ಅದೇ ಕೋವಿಯ ಬಗ್ಗೆ ಜಾಗ್ರತೆ ವಹಿಸಬೇಡವೇ?

ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದಿದೆ. ಆ ಚುನಾವಣೆ ಬಂದಾಗ ಮತ್ತೆ ಇದೇ ಆದೇಶ ಹೊರಡುತ್ತದೆ. ಅದಕ್ಕೂ ಮುನ್ನ ಜಿಲ್ಲಾಡಳಿತ ಪರಿಶೀಲನಾ ಸಮಿತಿಯನ್ನು ಹೆಸರಿಗಷ್ಟೇ ಇಟ್ಟುಕೊಳ್ಳದೆ ಕೆಲಸಕ್ಕೆ ಹಚ್ಚಲಿ. ಕೋವಿ ಪಡೆಯುವಾಗ ಅದರ ಸ್ಥಿತಿಯನ್ನು ರಸೀದಿಯಲ್ಲಿ ಬರೆದುಕೊಡಲಿ. ಗೋಡೆಗೆ ಒರಗಿಸುವ ಬದಲು ಮರದ ಚೌಕಟ್ಟಿನಲ್ಲಿ ನಿಲ್ಲಿಸಿ, ನಳಿಗೆಯ ಬಾಯಿಗೆ ಬಟ್ಟೆ ಕಟ್ಟಿಸಲಿ. ತಿಂಗಳಿಗೊಮ್ಮೆ ಸಿಬ್ಬಂದಿಯ ಎದುರೇ ಮಾಲೀಕ ತನ್ನ ಕೋವಿಗೆ ಎಣ್ಣೆ ಹಚ್ಚಲು ಅರ್ಧ ಗಂಟೆ ಬಿಡಲಿ. ಇದಕ್ಕೆ ಹೊಸ ಕಾನೂನು ಬೇಡ, ಅನುದಾನವೂ ಬೇಡ. ಜಿಲ್ಲಾಧಿಕಾರಿಗಳೂ ವರಿಷ್ಠಾಧಿಕಾರಿಗಳೂ ಒಂದು ಸುತ್ತೋಲೆಗೆ ಸಹಿ ಹಾಕಿದರೆ ಸಾಕು. ದಯವಿಟ್ಟು ಹಾಕಿ.

— ಬೆಳೆ ರಕ್ಷಣೆ ಪರವಾನಗಿ ಇರುವ ಒಬ್ಬ ರೈತ, ದಾವಣಗೆರೆ ಜಿಲ್ಲೆ